ಚರಂಡಿಗೆಂದು ಬಂದ ದುಡ್ಡು ಚರಂಡಿಗೇ ಸೇರಿದಾಗ

1858ರ ಬೇಸಿಗೆ. ಲಂಡನ್ನಿನ ಸಂಸತ್ ಭವನದ ಕಿಟಕಿಗಳಿಗೆ ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಅದ್ದಿದ ಪರದೆಗಳನ್ನು ಇಳಿಬಿಟ್ಟಿದ್ದರು. ಕಾರಣ ಹೊರಗೆ ಹರಿಯುತ್ತಿದ್ದ ಥೇಮ್ಸ್ ನದಿ. ಇಡೀ ನಗರದ ಮಲಮೂತ್ರ ಆ ನದಿಗೇ ಸೇರುತ್ತಿತ್ತು. ಬಿಸಿಲಿಗೆ ನೀರು ಇಳಿದು ದಡದ ಕೊಚ್ಚೆ ಕಾದಾಗ ಎದ್ದ ನಾತಕ್ಕೆ ಸಂಸದರು ಮೂಗು ಮುಚ್ಚಿಕೊಂಡು ಓಡಾಡಿದರು. ಆ ಬೇಸಿಗೆಗೆ ಇತಿಹಾಸದಲ್ಲಿ ಮಹಾ ದುರ್ನಾತ ಎಂಬ ಹೆಸರೇ ಉಳಿದಿದೆ.

ಆ ನಾತವನ್ನು ಹೋಗಲಾಡಿಸಿದ ಎಂಜಿನಿಯರ್ ಜೋಸೆಫ್ ಬ್ಯಾಜಲ್‌ಜೆಟ್. ಸಿವಿಲ್ ಎಂಜಿನಿಯರಿಂಗ್ ಓದುವ ನಮ್ಮಂಥವರಿಗೆ ಮೊಟ್ಟೆಯಾಕಾರದ ಚರಂಡಿ, ಕೊಳೆ ತಳದಲ್ಲಿ ನಿಲ್ಲದಂತೆ ನೀರು ಹರಿಯಬೇಕಾದ ವೇಗ, ಇಳಿಜಾರಿನ ಲೆಕ್ಕ ಇವೆಲ್ಲ ಪರೀಕ್ಷೆಗೆ ಬರುವ ಪ್ರಶ್ನೆಗಳು. ಆದರೆ ಆ ಚರಂಡಿ ಕಟ್ಟಲು ದುಡ್ಡು ಎಲ್ಲಿಂದ ಬಂತು ಎಂಬ ಪ್ರಶ್ನೆ ನಮ್ಮ ಪಠ್ಯದಲ್ಲಿಲ್ಲ. ಬ್ಯಾಜಲ್‌ಜೆಟ್‌ನ ಬದುಕನ್ನು ಓದುತ್ತಾ ಹೋದಂತೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಇದೇ ಪ್ರಶ್ನೆ. ಆತನ ನಕ್ಷೆಗಳು ವರ್ಷಗಟ್ಟಲೆ ಕಪಾಟಿನಲ್ಲಿದ್ದವು. ಅವು ನೆಲಕ್ಕಿಳಿದದ್ದು ಇಂಥ ಕೆಲಸಕ್ಕೆ ಮಾತ್ರ ಎಂದು ಹೆಸರು ಬರೆದಿಟ್ಟ ಹಣ ಕೈಗೆ ಬಂದ ಮೇಲೆ.

ನಮ್ಮ ಮನೆಗಳಲ್ಲಿ ಸಾಸಿವೆ ಡಬ್ಬಿಯಲ್ಲಿ ದುಡ್ಡು ಇಡುವ ಅಭ್ಯಾಸವುಂಟಲ್ಲ, ಇದೂ ಹಾಗೆಯೇ. ಮಗಳ ಫೀಸಿಗೆಂದು ಇಟ್ಟದ್ದನ್ನು ಹಬ್ಬದ ಬಟ್ಟೆಗೆ ತೆಗೆಯುವಂತಿಲ್ಲ. ನಗರಾಡಳಿತದಲ್ಲೂ ಇಂಥ ಡಬ್ಬಿಗಳಿರುತ್ತವೆ. ಒಂದು ತೆರಿಗೆಯನ್ನೋ ಸುಂಕವನ್ನೋ ನಿರ್ದಿಷ್ಟ ಕೆಲಸಕ್ಕೆಂದು ಕಾನೂನಿನಲ್ಲೇ ಕಟ್ಟಿಹಾಕಿದರೆ, ಆ ಹಣ ಬೇರೆ ಖಾತೆಯಲ್ಲಿ ಕೂತು ಆ ಕೆಲಸಕ್ಕಷ್ಟೇ ಖರ್ಚಾಗಬೇಕು. ಲಂಡನ್ನಿನ ಕಥೆ ಇಂಥ ಎರಡು ಡಬ್ಬಿಗಳ ಕಥೆ.

ರೈಲಿನಿಂದ ಚರಂಡಿಗೆ

ಬ್ಯಾಜಲ್‌ಜೆಟ್ ಹುಟ್ಟಿದ್ದು 1819ರ ಮಾರ್ಚ್ 28ರಂದು, ಲಂಡನ್ನಿನ ಉತ್ತರಕ್ಕಿರುವ ಎನ್‌ಫೀಲ್ಡ್‌ನಲ್ಲಿ. ಅಜ್ಜನ ಕಾಲದಲ್ಲಿ ಫ್ರಾನ್ಸ್‌ನಿಂದ ಬಂದು ನೆಲೆಸಿದ ಕುಟುಂಬ. ತಂದೆ ಬ್ರಿಟಿಷ್ ನೌಕಾಪಡೆಯಲ್ಲಿ ಅಧಿಕಾರಿ. ಆಗ ಎಂಜಿನಿಯರಿಂಗ್ ಕಲಿಯುವ ದಾರಿ ಎಂದರೆ ಹೆಸರಾಂತ ಎಂಜಿನಿಯರ್ ಒಬ್ಬರ ಕೈಕೆಳಗೆ ದುಡಿಯುವುದು. ಬ್ಯಾಜಲ್‌ಜೆಟ್ ಸರ್ ಜಾನ್ ಮ್ಯಾಕ್‌ನೀಲ್ ಎಂಬವರ ಬಳಿ ಸೇರಿ ಐರ್ಲೆಂಡಿನಲ್ಲಿ ಜೌಗು ಭೂಮಿಯ ನೀರು ಬಸಿಯುವ ಕೆಲಸ ಕಲಿತ. ನೀರಿಗೆ ದಾರಿ ಮಾಡಿಕೊಡುವ ಆ ಮೊದಲ ಪಾಠವೇ ಮುಂದೆ ಬದುಕಿನ ಕೆಲಸವಾಯಿತು.

1842ರಲ್ಲಿ ಲಂಡನ್ನಿನಲ್ಲಿ ಸ್ವಂತ ಕಚೇರಿ ತೆರೆದ. ಅದು ಇಂಗ್ಲೆಂಡಿನಲ್ಲಿ ರೈಲ್ವೆ ಹುಚ್ಚಿನ ಕಾಲ. ನಮ್ಮಲ್ಲಿ ಐಟಿ ಅಲೆ ಎದ್ದಾಗ ಎಲ್ಲರೂ ಅತ್ತ ಓಡಿದಂತೆ ಅಲ್ಲಿ ಎಲ್ಲರೂ ರೈಲ್ವೆಯತ್ತ ಓಡಿದರು. ಹೊಸ ಹೊಸ ಕಂಪನಿಗಳು, ಹೊಸ ಮಾರ್ಗಗಳು, ಸಂಸತ್ತಿಗೆ ನಕ್ಷೆ ಸಲ್ಲಿಸಲು ಕೊನೆಯ ದಿನದ ಗಡಿಬಿಡಿ. ಹಗಲು ರಾತ್ರಿ ದುಡಿದ ಬ್ಯಾಜಲ್‌ಜೆಟ್‌ನ ಆರೋಗ್ಯ 1847ರ ಹೊತ್ತಿಗೆ ಪೂರ್ತಿ ಕುಸಿಯಿತು. ಆಗ ವಯಸ್ಸು 28. ಕೆಲಸ ಬಿಟ್ಟು ಹಳ್ಳಿಗಾಡಿಗೆ ಹೋಗಿ ವಿಶ್ರಾಂತಿ ತೆಗೆದುಕೊಳ್ಳಬೇಕಾಯಿತು. ವೃತ್ತಿಬದುಕು ಮುಗಿಯಿತು ಎಂದು ಯಾರಾದರೂ ಅಂದುಕೊಳ್ಳುವ ಹಂತ ಅದು.

ಚೇತರಿಸಿಕೊಂಡು 1849ರಲ್ಲಿ ಆತ ಸೇರಿದ ಕೆಲಸಕ್ಕೆ ರೈಲ್ವೆಯ ಮೆರುಗು ಇರಲಿಲ್ಲ. ಲಂಡನ್ನಿನ ಚರಂಡಿ ಆಯೋಗದಲ್ಲಿ ಸಹಾಯಕ ಸರ್ವೇಯರ್ ಹುದ್ದೆ. ದೊಡ್ಡ ಪ್ಯಾಕೇಜಿನ ಕನಸು ಕಾಣುವ ನಮ್ಮ ಕಾಲದಲ್ಲಿ ಇಂಥ ಹುದ್ದೆಗೆ ಅರ್ಜಿ ಹಾಕಿದ್ದೇನೆ ಎಂದರೆ ಗೆಳೆಯರು ನಗಬಹುದು. ಆದರೆ ಆಗ ಲಂಡನ್ನಿಗೆ ರೈಲಿಗಿಂತ ತುರ್ತಾಗಿ ಬೇಕಾಗಿದ್ದದ್ದು ಚರಂಡಿ.

ನಕ್ಷೆ ಇತ್ತು, ದುಡ್ಡಿರಲಿಲ್ಲ

ಮೊದಲೆಲ್ಲ ಲಂಡನ್ ಮನೆಗಳ ಮಲ ಮನೆಯಡಿಯ ಗುಂಡಿಗೆ ಬೀಳುತ್ತಿತ್ತು. ಗುಂಡಿ ತುಂಬಿದಾಗ ಕೂಲಿಯವರು ಬಂದು ತೋಡಿ ಹೊಲಕ್ಕೆ ಸಾಗಿಸುತ್ತಿದ್ದರು. ನೀರು ಸುರಿಯುವ ಕಮೋಡುಗಳು ಬಂದ ಮೇಲೆ ಈ ಗುಂಡಿಗಳು ಉಕ್ಕಿ ಹರಿಯತೊಡಗಿದವು. ಗುಂಡಿಗಳನ್ನು ಮುಚ್ಚಿ, ಮನೆಯ ಪೈಪನ್ನು ಮಳೆನೀರಿನ ಚರಂಡಿಗೆ ಜೋಡಿಸಿ ಎಂದು ಆಡಳಿತ ಹೇಳಿತು. ಮಳೆನೀರಿನ ಚರಂಡಿಗಳೆಲ್ಲ ಥೇಮ್ಸ್‌ಗೆ ಹೋಗುತ್ತಿದ್ದವು. ಲಂಡನ್ನಿನ ಬಹಳಷ್ಟು ಜನ ಕುಡಿಯುತ್ತಿದ್ದದ್ದೂ ಅದೇ ನದಿಯ ನೀರನ್ನು.

ಫಲ ಭೀಕರವಾಗಿತ್ತು. 1848–49ರ ಕಾಲರಾ ಲಂಡನ್ನಿನಲ್ಲಿ 14,000ಕ್ಕೂ ಹೆಚ್ಚು ಜನರನ್ನು ಕೊಂದಿತು. 1853–54ರಲ್ಲಿ ಮತ್ತೆ ಬಂದು 10,000ಕ್ಕೂ ಹೆಚ್ಚು ಜನರನ್ನು ಒಯ್ದಿತು. ರೋಗ ಬರುವುದು ದುರ್ವಾಸನೆಯ ಗಾಳಿಯಿಂದ ಎಂದು ಹೆಚ್ಚಿನ ವೈದ್ಯರು ನಂಬಿದ್ದರು. ಕುಡಿಯುವ ನೀರಿನಿಂದ ಎಂದು ಜಾನ್ ಸ್ನೋ ಎಂಬ ವೈದ್ಯ ಬ್ರಾಡ್ ಸ್ಟ್ರೀಟಿನ ಕೈಪಂಪಿನ ಸುತ್ತ ಸತ್ತವರ ಲೆಕ್ಕ ಹಾಕಿ ತೋರಿಸಿದ. ಒಪ್ಪಿದವರು ಕಡಿಮೆ.

ಹಾಗೆಂದು ಆಡಳಿತ ಸುಮ್ಮನಿರಲಿಲ್ಲ. 1848ರಿಂದ 1855ರ ನಡುವೆ ಒಂದರ ಹಿಂದೊಂದು ಆರು ಚರಂಡಿ ಆಯೋಗಗಳು ಬಂದುಹೋದವು. ಸಾರ್ವಜನಿಕರಿಂದ ಸಲಹೆ ಕೇಳಿದಾಗ ನೂರಕ್ಕೂ ಹೆಚ್ಚು ಯೋಜನೆಗಳು ಬಂದು ಬಿದ್ದವು. ಮುಖ್ಯ ಎಂಜಿನಿಯರ್ ಫ್ರಾಂಕ್ ಫಾರ್ಸ್ಟರ್ 1852ರಲ್ಲಿ ತೀರಿಕೊಂಡರು. ಅವರ ಜಾಗಕ್ಕೆ ಬ್ಯಾಜಲ್‌ಜೆಟ್ ಬಂದ. ನಕ್ಷೆ ಬರೆದ, ಅಂದಾಜು ವೆಚ್ಚ ಹಾಕಿದ. ಆದರೆ ಲಕ್ಷಾಂತರ ಪೌಂಡ್ ಬೇಡುವ ಕೆಲಸಕ್ಕೆ ಆಯೋಗದ ಬಳಿ ಅಷ್ಟು ಆದಾಯವಿರಲಿಲ್ಲ.

1856ರಲ್ಲಿ ಇಡೀ ಲಂಡನ್ನಿಗೆ ಮೆಟ್ರೊಪಾಲಿಟನ್ ಬೋರ್ಡ್ ಆಫ್ ವರ್ಕ್ಸ್ ಎಂಬ ಹೊಸ ಮಂಡಳಿ ಹುಟ್ಟಿತು. ಇದರ 45 ಸದಸ್ಯರನ್ನು ಜನ ನೇರವಾಗಿ ಆರಿಸುತ್ತಿರಲಿಲ್ಲ, ವಾರ್ಡು ಮಟ್ಟದ ಸಂಸ್ಥೆಗಳು ಆರಿಸಿ ಕಳಿಸುತ್ತಿದ್ದವು. ಪ್ರಸಿದ್ಧ ಎಂಜಿನಿಯರ್ ಬ್ರೂನೆಲ್ ಅವರ ಶಿಫಾರಸೂ ಸೇರಿ ಬ್ಯಾಜಲ್‌ಜೆಟ್ ಮಂಡಳಿಯ ಮುಖ್ಯ ಎಂಜಿನಿಯರ್ ಆದ. ಆದರೆ ಕಾನೂನಿನಲ್ಲಿ ಒಂದು ಕೊಕ್ಕೆ ಇತ್ತು. 50,000 ಪೌಂಡ್ ಮೀರಿದ ಕೆಲಸಕ್ಕೆ ಸರ್ಕಾರದ ಒಪ್ಪಿಗೆ ಬೇಕು, ಒಂದು ಲಕ್ಷ ಮೀರಿದರೆ ಸಂಸತ್ತಿನ ಒಪ್ಪಿಗೆ ಬೇಕು. ಚರಂಡಿಯ ನೀರು ನದಿಗೆ ಸೇರುವ ಜಾಗ ಇನ್ನೂ ಕೆಳಗಿರಲಿ ಎಂದು ಸರ್ಕಾರ, ಅದಕ್ಕೆ ಖರ್ಚು ಯಾರು ಕೊಡುತ್ತಾರೆ ಎಂದು ಮಂಡಳಿ. ಫೈಲು ಅತ್ತಿಂದಿತ್ತ ಓಡಾಡುತ್ತಾ ಎರಡು ವರ್ಷ ಕಳೆಯಿತು.

ಮೂರು ಪೆನ್ನಿಯ ಲೆಕ್ಕ

ಆ ಗಂಟನ್ನು ಬಿಡಿಸಿದ್ದು 1858ರ ನಾತ. ಸಾವಿರಾರು ಬಡವರು ಸತ್ತಾಗ ಎಚ್ಚರಾಗದ ಸಂಸತ್ತು ತನ್ನ ಮೂಗಿಗೆ ನಾತ ಬಡಿದಾಗ ಎಚ್ಚರಾಯಿತು. ಹಣಕಾಸು ಸಚಿವ ಡಿಸ್ರೇಲಿ ಜುಲೈ 15ರಂದು ಮಸೂದೆ ತಂದರು. ಆಗಸ್ಟ್ 2ಕ್ಕೆ ಅದು ಕಾಯ್ದೆಯಾಯಿತು.

ಆ ಕಾಯ್ದೆಯ ಒಳಗಿನ ಲೆಕ್ಕ ಸರಳವಾಗಿದೆ. ಮಂಡಳಿ 30 ಲಕ್ಷ ಪೌಂಡ್ ಸಾಲ ಎತ್ತಬಹುದು. ಅದಕ್ಕೆ ಸರ್ಕಾರದ ಖಜಾನೆ ಜಾಮೀನು ನಿಲ್ಲುತ್ತದೆ, ಹಾಗಾಗಿ ಬಡ್ಡಿ ಕಡಿಮೆ. ಸಾಲ ತೀರಿಸಲು ಲಂಡನ್ನಿನ ಆಸ್ತಿಗಳ ಮೇಲೆ, ಅವುಗಳ ವಾರ್ಷಿಕ ಮೌಲ್ಯದ ಪ್ರತಿ ಪೌಂಡಿಗೆ 3 ಪೆನ್ನಿಯಂತೆ, 40 ವರ್ಷ ಒಳಚರಂಡಿ ತೆರಿಗೆ. ಆಗ ಒಂದು ಪೌಂಡಿಗೆ 240 ಪೆನ್ನಿ. ಅಂದರೆ ತೆರಿಗೆ ಶೇ 1.25. ವರ್ಷಕ್ಕೆ 20 ಪೌಂಡ್ ಮೌಲ್ಯದ ಮನೆಯವರು 60 ಪೆನ್ನಿ ಕೊಟ್ಟರಾಯಿತು.

ಇದರಲ್ಲಿ ಮೂರು ಸಂಗತಿ ಗಮನಿಸಬೇಕು. ಮೊದಲನೆಯದು, ಈ ತೆರಿಗೆ ಮುಖ್ಯ ಒಳಚರಂಡಿಗೆ ಮಾತ್ರ. ಬೇರೆ ಬೀದಿಗೆ ಕಲ್ಲು ಹಾಸಲು ಮಂಡಳಿ ಇದನ್ನು ಮುಟ್ಟುವಂತಿಲ್ಲ. ಎರಡನೆಯದು, ಅವಧಿ ಮೊದಲೇ ಗೊತ್ತು. ವರ್ಷ ವರ್ಷ ಬಜೆಟ್ಟಿನಲ್ಲಿ ಯಾರ ಕಾಲನ್ನೂ ಹಿಡಿಯಬೇಕಿಲ್ಲ. ಮೂರನೆಯದು, ಚರಂಡಿ 40 ವರ್ಷಕ್ಕಿಂತ ಹೆಚ್ಚು ಬಾಳುವುದರಿಂದ ಅದನ್ನು ಬಳಸುವ ಮುಂದಿನ ತಲೆಮಾರೂ ಖರ್ಚಿನಲ್ಲಿ ಪಾಲು ಕೊಡುತ್ತದೆ. ಸರ್ಕಾರದ ಒಪ್ಪಿಗೆಯ ಕೊಕ್ಕೆಯನ್ನೂ ಅದೇ ಕಾಯ್ದೆ ಕಿತ್ತುಹಾಕಿತು. ವರ್ಷಗಳಿಂದ ಕಾದಿದ್ದ ಎಂಜಿನಿಯರ್‌ಗೆ ಇಷ್ಟು ಸಾಕಾಯಿತು.

ನೆಲದಡಿಯ ನಗರ

1859ರಲ್ಲಿ ಕೆಲಸ ಶುರುವಾಯಿತು. ಬ್ಯಾಜಲ್‌ಜೆಟ್‌ನ ಯೋಜನೆಯ ತಿರುಳು ಇಷ್ಟು: ಹಳೆಯ ಚರಂಡಿಗಳು ಉತ್ತರ ದಕ್ಷಿಣವಾಗಿ ನದಿಗೆ ಇಳಿಯುತ್ತವೆ. ನದಿಗೆ ಸಮಾನಾಂತರವಾಗಿ, ಪಶ್ಚಿಮದಿಂದ ಪೂರ್ವಕ್ಕೆ ದೊಡ್ಡ ಸುರಂಗಗಳನ್ನು ಕಟ್ಟಿ ಆ ಚರಂಡಿಗಳನ್ನು ನಡುದಾರಿಯಲ್ಲೇ ತಡೆದು, ಕೊಳೆಯನ್ನು ನಗರದಾಚೆ ಪೂರ್ವಕ್ಕೆ ಒಯ್ದು, ಸಮುದ್ರದತ್ತ ನೀರು ಇಳಿಯುವ ಹೊತ್ತಿಗೆ ಬಿಡುವುದು.

ಇಂಥ ತಡೆ ಚರಂಡಿಗಳ ಉದ್ದ 82 ಮೈಲಿ. ಅವಕ್ಕೆ ಸೇರುವ ಬೀದಿ ಚರಂಡಿಗಳು 1,100 ಮೈಲಿ. ಬಳಸಿದ ಇಟ್ಟಿಗೆ 31.8 ಕೋಟಿ. ಇಳಿಜಾರು ಮೈಲಿಗೆ ಬರೀ 2 ಅಡಿ, ಅಂದರೆ 2,640ಕ್ಕೆ 1. ಇಷ್ಟು ಚಿಕ್ಕ ಇಳಿಜಾರಿನಲ್ಲಿ ಮಟ್ಟ ಸ್ವಲ್ಪ ತಪ್ಪಿದರೂ ಕೊಳೆ ನಿಂತುಬಿಡುತ್ತದೆ. ಚರಂಡಿಯ ಅಡ್ಡಛೇದ ಹಲವೆಡೆ ಮೊಟ್ಟೆಯ ಆಕಾರ. ಕೆಳಗೆ ಕಿರಿದಾಗಿರುವುದರಿಂದ ನೀರು ಕಡಿಮೆ ಇದ್ದಾಗಲೂ ವೇಗ ಉಳಿದು ಹೂಳು ಕೊಚ್ಚಿಹೋಗುತ್ತದೆ. ತಗ್ಗಿಗೆ ಇಳಿದ ಕೊಳೆಯನ್ನು ಮತ್ತೆ ಮೇಲಕ್ಕೆ ಎತ್ತಲು ಡೆಟ್‌ಫರ್ಡ್, ಕ್ರಾಸ್‌ನೆಸ್, ಆ್ಯಬಿ ಮಿಲ್ಸ್‌ಗಳಲ್ಲಿ ಉಗಿ ಯಂತ್ರದ ಪಂಪ್‌ಹೌಸ್‌ಗಳು.

ನನಗೆ ತುಂಬ ಇಷ್ಟವಾದ ಸಂಗತಿ ಸಿಮೆಂಟಿನದು. ಆಗ ಪೋರ್ಟ್‌ಲೆಂಡ್ ಸಿಮೆಂಟ್ ಹೊಸದು. ಸರಿಯಾಗಿ ಸುಡದಿದ್ದರೆ ಕೈಕೊಡುತ್ತಿತ್ತು, ಹಾಗಾಗಿ ಎಂಜಿನಿಯರ್‌ಗಳು ನಂಬುತ್ತಿರಲಿಲ್ಲ. ಬ್ಯಾಜಲ್‌ಜೆಟ್ ಅದನ್ನೇ ಆರಿಸಿಕೊಂಡ, ಆದರೆ ಪರೀಕ್ಷೆಯ ಷರತ್ತಿನೊಂದಿಗೆ. ಆತನ ಸಹಾಯಕ ಜಾನ್ ಗ್ರಾಂಟ್ ಸಾವಿರಾರು ಮಾದರಿಗಳನ್ನು ಎಳೆದು ಮುರಿದು ಬಲ ಅಳೆದ. ನಾವು ಇಂದು ಲ್ಯಾಬಿನಲ್ಲಿ ಬೇಸರದಿಂದ ಮಾಡುವ ಸಿಮೆಂಟ್ ಪರೀಕ್ಷೆಯ ಹಿಂದೆ ಇಂಥ ಚರಿತ್ರೆ ಇದೆ. ಜನ ಒಂದು ಕೆಲಸಕ್ಕೆಂದು ಕೊಟ್ಟ ದುಡ್ಡು ಆ ಕೆಲಸಕ್ಕೆ ಹೋದರಷ್ಟೇ ಸಾಲದು, ಗಟ್ಟಿಯಾಗಿ ನಿಲ್ಲುವ ಕೆಲಸವೂ ಆಗಬೇಕು. ಅದು ಎಂಜಿನಿಯರ್‌ನ ಪಾಲಿನ ಲೆಕ್ಕ.

ವೆಚ್ಚ ಅಂದಾಜನ್ನು ಮೀರಿತು. 1863ರಲ್ಲಿ ಇನ್ನಷ್ಟು ಸಾಲ ಪಡೆಯಲು ಮತ್ತೆ ಸಂಸತ್ತಿಗೆ ಹೋಗಬೇಕಾಯಿತು. ಒಟ್ಟು ಖರ್ಚು 40 ಲಕ್ಷ ಪೌಂಡ್ ದಾಟಿತು. 1865ರ ಏಪ್ರಿಲ್ 4ರಂದು ಯುವರಾಜ ಕ್ರಾಸ್‌ನೆಸ್ ಪಂಪ್‌ಹೌಸ್ ಉದ್ಘಾಟಿಸಿದ. ಮರುವರ್ಷವೇ ಕಾಲರಾ ಮತ್ತೆ ಬಂತು. ಈ ಸಲ ಅದು ಮುಖ್ಯವಾಗಿ ಎರಗಿದ್ದು ಪೂರ್ವ ಲಂಡನ್ನಿನ ಮೇಲೆ. ಅಲ್ಲಿ ಕಲುಷಿತ ನೀರು ಸರಬರಾಜಾಗಿತ್ತು, ಆ ಭಾಗದ ಹೊಸ ಚರಂಡಿ ಇನ್ನೂ ಪೂರ್ತಿ ಚಾಲೂ ಆಗಿರಲಿಲ್ಲ. 5,500ಕ್ಕೂ ಹೆಚ್ಚು ಜನ ಸತ್ತರು. ಚರಂಡಿ ಮುಗಿದಿದ್ದ ಕಡೆ ಸಾವು ತೀರಾ ಕಡಿಮೆ. ಲಂಡನ್ನಿನಲ್ಲಿ ಕಾಲರಾ ಮಹಾಮಾರಿಯಾಗಿ ಬಂದದ್ದು ಅದೇ ಕೊನೆ.

ಕಲ್ಲಿದ್ದಲ ಸುಂಕ, ನದಿಯ ದಂಡೆ

ಈಗ ಎರಡನೆಯ ಡಬ್ಬಿಗೆ ಬರೋಣ. ಉತ್ತರ ದಡದ ತಗ್ಗು ಚರಂಡಿಯನ್ನು ಎಲ್ಲಿ ಹಾಯಿಸುವುದು ಎಂಬ ತಲೆನೋವಿತ್ತು. ಸ್ಟ್ರ್ಯಾಂಡ್ ಎಂಬ ಕಿಕ್ಕಿರಿದ ಬೀದಿಯನ್ನು ಅಗೆದರೆ ಊರೇ ನಿಂತುಹೋಗುತ್ತದೆ. ಅದಕ್ಕೆ ಬ್ಯಾಜಲ್‌ಜೆಟ್ ನದಿಯಲ್ಲೇ ಗೋಡೆ ಎಬ್ಬಿಸಿ, ದಡದ ಕೊಚ್ಚೆಯನ್ನು ತುಂಬಿ, ಹೊಸ ನೆಲವನ್ನೇ ಹುಟ್ಟಿಸಿದ. ಅದರೊಳಗೆ ಚರಂಡಿ, ಪೈಪುಗಳಿಗೆಂದೇ ಒಂದು ಸುರಂಗ, ಪಕ್ಕದಲ್ಲಿ ಭೂಗತ ರೈಲು, ಮೇಲೆ ರಸ್ತೆ. ವೆಸ್ಟ್‌ಮಿನ್‌ಸ್ಟರ್‌ನಿಂದ ಬ್ಲ್ಯಾಕ್‌ಫ್ರಯರ್ಸ್‌ವರೆಗಿನ ಈ ವಿಕ್ಟೋರಿಯಾ ದಂಡೆ 1870ರ ಜುಲೈ 13ರಂದು ತೆರೆಯಿತು. ಎದುರು ದಡದ ಆಲ್ಬರ್ಟ್ ದಂಡೆ ಹಿಂದಿನ ವರ್ಷವೇ ಮುಗಿದಿತ್ತು, ಚೆಲ್ಸಿ ದಂಡೆ 1874ರಲ್ಲಿ ಮುಗಿಯಿತು. ಮೂರೂ ಸೇರಿ ನದಿಯಿಂದ ಸಿಕ್ಕ ನೆಲ ಸುಮಾರು 52 ಎಕರೆ.

ದಂಡೆಗೆ ದುಡ್ಡು ಕೊಟ್ಟದ್ದು ಒಂದು ಹಳೆಯ ಸುಂಕ. 1666ರ ಮಹಾ ಬೆಂಕಿಯಲ್ಲಿ ಲಂಡನ್ ಸುಟ್ಟುಹೋದಾಗ, ಮರುವರ್ಷ ಊರು ಕಟ್ಟಲೆಂದು ಅಲ್ಲಿಗೆ ಬರುವ ಕಲ್ಲಿದ್ದಲಿನ ಮೇಲೆ ಸುಂಕ ಹಾಕಿದರು. ಇಂದು ಪ್ರವಾಸಿಗರು ನೋಡುವ ಸೇಂಟ್ ಪಾಲ್ಸ್ ಚರ್ಚು ಮತ್ತೆ ಎದ್ದು ನಿಂತದ್ದು ಆ ಕಲ್ಲಿದ್ದಲ ಹಣದಲ್ಲೇ. ಊರು ಕಟ್ಟಿ ಮುಗಿದರೂ ಸುಂಕ ಹೋಗಲಿಲ್ಲ. ಬೇರೆ ಬೇರೆ ಕೆಲಸದ ಹೆಸರಿನಲ್ಲಿ ಮುಂದುವರಿಯುತ್ತಲೇ ಬಂತು. 19ನೇ ಶತಮಾನದಲ್ಲಿ ಅದು ಟನ್ನಿಗೆ 13 ಪೆನ್ನಿ. 1861ರ ಕಾಯ್ದೆ ಅದರಲ್ಲಿ 9 ಪೆನ್ನಿಯನ್ನೂ ವೈನ್ ಮೇಲಿನ ಸುಂಕವನ್ನೂ ಥೇಮ್ಸ್ ದಂಡೆ ಮತ್ತು ನಗರ ಸುಧಾರಣೆಯ ನಿಧಿ ಎಂಬ ಪ್ರತ್ಯೇಕ ಖಾತೆಗೆ ಕಟ್ಟಿತು. ಉಳಿದ 4 ಪೆನ್ನಿ ಲಂಡನ್ನಿನ ಹಳೆಯ ಕೋಟೆಯೊಳಗಿನ ನಗರಸಭೆಗೆ.

ಒಳಚರಂಡಿಯ ಹಣ ಆಸ್ತಿ ತೆರಿಗೆಯಿಂದ, ದಂಡೆಯ ಹಣ ಕಲ್ಲಿದ್ದಲಿನಿಂದ. ಮೂಲ ಬೇರೆ, ಖಾತೆ ಬೇರೆ. ಎರಡೂ ಯೋಜನೆಗಳು ಬಂದು ಸೇರಿದ್ದು ಒಂದೇ ಗೋಡೆಯೊಳಗೆ. ಅದೇ ಮಂಡಳಿಗೆ 1865ರಲ್ಲಿ ಅಗ್ನಿಶಾಮಕ ದಳದ ಹೊಣೆಯೂ ಬಂದಾಗ ಅದಕ್ಕೂ ಪ್ರತ್ಯೇಕ ಹಣದ ವ್ಯವಸ್ಥೆಯಾಯಿತು: ಪೌಂಡಿಗೆ ಅರ್ಧ ಪೆನ್ನಿ ತೆರಿಗೆ, ವಿಮಾ ಕಂಪನಿಗಳು ವಿಮೆ ಮಾಡಿದ ಪ್ರತಿ 10 ಲಕ್ಷ ಪೌಂಡಿಗೆ 35 ಪೌಂಡ್, ಸರ್ಕಾರದಿಂದ ವರ್ಷಕ್ಕೆ 10,000 ಪೌಂಡ್. ಬೆಂಕಿ ಆರಿದರೆ ಲಾಭವಾಗುವವರೇ ಬೆಂಕಿ ಆರಿಸುವ ಖರ್ಚಿಗೂ ಪಾಲು ಕೊಡಲಿ ಎಂಬ ಲೆಕ್ಕ.

ಹೊಸ ನೆಲ ಯಾರದು?

ಹೆಸರು ಬರೆದಿಟ್ಟ ಹಣಕ್ಕೆ ಇನ್ನೊಂದು ಬಲವಿದೆ. ಅದು 1870ರಲ್ಲಿ ಗೊತ್ತಾಯಿತು. ವಿಕ್ಟೋರಿಯಾ ದಂಡೆಯ ಹೊಸ ನೆಲದಲ್ಲಿ ಒಂದು ಭಾಗ ಕಾನೂನಿನ ಪ್ರಕಾರ ರಾಜಮನೆತನದ ಹೆಸರಿನಲ್ಲಿತ್ತು. ಗ್ಲ್ಯಾಡ್‌ಸ್ಟನ್ ಸರ್ಕಾರ ಅಲ್ಲಿ ಕಚೇರಿ ಕಟ್ಟಡ ಎಬ್ಬಿಸಿ ಖಜಾನೆಗೆ ಆದಾಯ ಮಾಡಿಕೊಳ್ಳಲು ಹೊರಟಿತು. ಆಗ ವೆಸ್ಟ್‌ಮಿನ್‌ಸ್ಟರ್ ಸಂಸದ ಡಬ್ಲ್ಯೂ.ಎಚ್. ಸ್ಮಿತ್ ಎದ್ದು ನಿಂತ. ರೈಲು ನಿಲ್ದಾಣಗಳ ಪುಸ್ತಕದಂಗಡಿಗಳಿಂದ ಹೆಸರಾದ ಸ್ಮಿತ್ ಈತನೇ. ಕೊಚ್ಚೆಯಾಗಿದ್ದ ಜಾಗ ನೆಲವಾದದ್ದು ಲಂಡನ್ ಜನ ಕೊಟ್ಟ ಹಣದಿಂದ, ಹಾಗಾಗಿ ಅದು ಜನರ ಉದ್ಯಾನವಾಗಬೇಕು ಎಂಬುದು ಆತನ ವಾದ. ಸಂಸತ್ತಿನಲ್ಲಿ ಸರ್ಕಾರಕ್ಕೇ ಸೋಲಾಯಿತು. ಕೆಲವು ವರ್ಷದ ಎಳೆದಾಟದ ನಂತರ ಆ ಜಾಗ ಉದ್ಯಾನವಾಗಿಯೇ ಉಳಿಯಿತು. ಇಂದಿಗೂ ಅಲ್ಲಿ ಮಧ್ಯಾಹ್ನದ ಬಿಡುವಿನಲ್ಲಿ ಕಚೇರಿಯವರು ಬುತ್ತಿ ಬಿಚ್ಚಿ ಕೂರುತ್ತಾರೆ.

ಎಲ್ಲ ತೆರಿಗೆಯೂ ಒಂದೇ ಹುಂಡಿಗೆ ಬಿದ್ದಿದ್ದರೆ ಈ ವಾದ ಹೂಡುವುದು ಕಷ್ಟವಿತ್ತು. ಯಾವ ಹಣ ಯಾವ ಕೆಲಸಕ್ಕೆ ಹೋಯಿತು ಎಂಬ ದಾರಿ ಕಾಣುತ್ತಿದ್ದರಿಂದಲೇ ಜನ ಇದು ನಮ್ಮದು ಎನ್ನಲು ಸಾಧ್ಯವಾಯಿತು.

ಒಲೆಯ ಮೇಲಿನ ತೆರಿಗೆ

ಹಾಗೆಂದು ಇದರಲ್ಲಿ ಎಲ್ಲವೂ ನ್ಯಾಯವಾಗಿತ್ತು ಎನ್ನಲಾಗದು. ಕಲ್ಲಿದ್ದಲು ಐಷಾರಾಮದ ವಸ್ತುವಲ್ಲ. ಲಂಡನ್ನಿನ ಚಳಿಗೆ ಬಡವರ ಮನೆಯ ಒಲೆಯೂ ಅದರಿಂದಲೇ ಉರಿಯಬೇಕು. ಶ್ರೀಮಂತನ ಬಂಗಲೆಗೂ ಕೂಲಿಯವನ ಕೋಣೆಗೂ ಟನ್ನಿಗೆ ಒಂದೇ ಸುಂಕ. ಆದಾಯದ ಪಾಲು ನೋಡಿದರೆ ಕೂಲಿಯವನಿಗೇ ಹೊರೆ ಹೆಚ್ಚು. ಇನ್ನೊಂದು ತಕರಾರು ಗಡಿಯದು. ಸುಂಕದ ವ್ಯಾಪ್ತಿ ಲಂಡನ್ ಪೊಲೀಸ್ ವಲಯದಷ್ಟು ದೊಡ್ಡದು, ಮಂಡಳಿಯ ವ್ಯಾಪ್ತಿಯೋ ಅದಕ್ಕಿಂತ ಚಿಕ್ಕದು. ದಂಡೆಯನ್ನೇ ನೋಡದ ಹೊರವಲಯದ ಹಳ್ಳಿಯವನೂ ದಂಡೆಗಾಗಿ ಸುಂಕ ಕೊಟ್ಟ. ಮುಂದೆ ಈ ಸುಂಕದ ಹಣದಿಂದ ಕಿಂಗ್‌ಸ್ಟನ್, ಕ್ಯೂ ಮುಂತಾದ ಹೊರವಲಯದ ಸೇತುವೆಗಳ ಟೋಲ್ ತೆಗೆದುಹಾಕಿದ್ದರಿಂದ ಆ ಜನರಿಗೂ ಒಂದಿಷ್ಟು ಪಾಲು ಸಿಕ್ಕಿತು.

ಸುಂಕದ ಗಡಿ ಗೊತ್ತಾಗಲೆಂದು ರಸ್ತೆ, ಕಾಲುವೆ, ರೈಲು ಹಳಿಗಳ ಪಕ್ಕ ಕಂಬಗಳನ್ನು ನೆಟ್ಟಿದ್ದರು. 1889ರಲ್ಲಿ ಕಾಯ್ದೆ ತಂದು ಕಲ್ಲಿದ್ದಲ ಸುಂಕವನ್ನು ರದ್ದು ಮಾಡಿದರು. ಬೆಂಕಿಯಲ್ಲಿ ಸುಟ್ಟ ಊರಿಗೆಂದು ಶುರುವಾದದ್ದು ಮುಗಿಯಲು 200 ವರ್ಷಕ್ಕೂ ಹೆಚ್ಚು ಬೇಕಾಯಿತು. ಗಡಿ ಕಂಬಗಳಲ್ಲಿ 200ಕ್ಕೂ ಹೆಚ್ಚು ಇವತ್ತೂ ಅಲ್ಲಲ್ಲಿ ನಿಂತಿವೆ. ಒಂದು ಉದ್ದೇಶಕ್ಕೆಂದು ಹಾಕಿದ ತೆರಿಗೆ ಉದ್ದೇಶ ಮುಗಿದರೂ ಸುಲಭಕ್ಕೆ ಹೋಗುವುದಿಲ್ಲ ಎಂಬುದಕ್ಕೆ ಅವು ಸಾಕ್ಷಿ.

ಡಬ್ಬಿಗೂ ಕಾವಲು ಬೇಕು

ಬ್ಯಾಜಲ್‌ಜೆಟ್‌ನ ಕೆಲಸದಲ್ಲೂ ಕೊರತೆ ಇತ್ತು. ಕೊಳೆಯನ್ನು ಶುದ್ಧೀಕರಿಸದೆ ನಗರದಾಚೆ ನದಿಗೇ ಬಿಡುತ್ತಿದ್ದರು. 1878ರ ಸೆಪ್ಟೆಂಬರ್ 3ರಂದು ಪ್ರಿನ್ಸೆಸ್ ಆಲಿಸ್ ಎಂಬ ಪ್ರವಾಸಿ ಹಡಗು ಆ ಜಾಗದ ಹತ್ತಿರವೇ ಡಿಕ್ಕಿಯಾಗಿ ಮುಳುಗಿತು. 600ಕ್ಕೂ ಹೆಚ್ಚು ಜನ ಸತ್ತರು. ಸ್ವಲ್ಪ ಹೊತ್ತಿನ ಹಿಂದಷ್ಟೇ ಅಲ್ಲಿ ಕೊಳೆನೀರು ಬಿಟ್ಟಿದ್ದರು ಎಂಬುದು ಹೊರಬಂದು ಜನ ಸಿಟ್ಟಿಗೆದ್ದರು. ಆಮೇಲೆ ಕೊಳೆಯ ಗಸಿಯನ್ನು ಬೇರ್ಪಡಿಸಿ ಹಡಗಿನಲ್ಲಿ ಸಮುದ್ರಕ್ಕೆ ಸಾಗಿಸುವ ವ್ಯವಸ್ಥೆ ಬಂತು. 1887ರಲ್ಲಿ ಹೊರಟ ಮೊದಲ ಗಸಿ ಹಡಗಿಗೆ ಇಟ್ಟ ಹೆಸರು ಬ್ಯಾಜಲ್‌ಜೆಟ್!

ಮಂಡಳಿಯ ಅಂತ್ಯ ಮಾತ್ರ ಚೆನ್ನಾಗಿರಲಿಲ್ಲ. ಹೊಸ ರಸ್ತೆ ಮಾಡುವಾಗ ಮಂಡಳಿ ಅಕ್ಕಪಕ್ಕದ ಜಾಗವನ್ನೂ ಕೊಂಡು, ರಸ್ತೆ ಮುಗಿದ ಮೇಲೆ ಉಳಿದ ನಿವೇಶನಗಳನ್ನು ಮಾರುತ್ತಿತ್ತು ಇಲ್ಲವೇ ಗುತ್ತಿಗೆಗೆ ಕೊಡುತ್ತಿತ್ತು. ಬಂದ ಹಣದಿಂದ ರಸ್ತೆಯ ಖರ್ಚು ಇಳಿಯಬೇಕು. ಆದರೆ ಪಿಕಡಿಲಿ ಸುತ್ತಲಿನ ನಿವೇಶನಗಳ ವ್ಯವಹಾರದಲ್ಲಿ ಮಂಡಳಿಯ ಕೆಲವು ಸಿಬ್ಬಂದಿ ಲಂಚ ತಿಂದದ್ದು ಪತ್ರಿಕೆಗಳಲ್ಲಿ ಬಯಲಾಯಿತು. 1888ರಲ್ಲಿ ವಿಚಾರಣಾ ಆಯೋಗ ಕೂತು ಅದನ್ನು ಎತ್ತಿ ತೋರಿಸಿತು. ಚರಂಡಿ ತೆರಿಗೆ, ಕಲ್ಲಿದ್ದಲ ಸುಂಕ ಒಳಬರುವ ಬಾಗಿಲಲ್ಲಿ ಕಾನೂನಿನ ಬೀಗವಿತ್ತು. ಉಳಿದ ನಿವೇಶನ ಯಾರಿಗೆ, ಎಷ್ಟಕ್ಕೆ ಹೋಯಿತು ಎಂಬ ಹಿಂಬಾಗಿಲಿಗೆ ಕಾವಲಿರಲಿಲ್ಲ. ಮಂಡಳಿಯ ಸದಸ್ಯರು ಜನರಿಂದ ನೇರ ಆಯ್ಕೆಯಾದವರಲ್ಲದ್ದರಿಂದ ಕೇಳುವವರೂ ಕಡಿಮೆ. 1889ರ ಮಾರ್ಚ್‌ನಲ್ಲಿ ಮಂಡಳಿಯನ್ನು ಮುಚ್ಚಿ, ಜನರೇ ಆರಿಸುವ ಲಂಡನ್ ಕೌಂಟಿ ಕೌನ್ಸಿಲ್‌ಗೆ ಅದರ ಕೆಲಸ ಒಪ್ಪಿಸಿದರು.

ಮೂವತ್ತಮೂರು ವರ್ಷ ಮುಖ್ಯ ಎಂಜಿನಿಯರ್ ಆಗಿದ್ದ ಬ್ಯಾಜಲ್‌ಜೆಟ್ ಮಂಡಳಿಯ ಜೊತೆಗೇ ನಿವೃತ್ತನಾದ. ಆ ಹಗರಣದ ಮಸಿ ಆತನಿಗೆ ಅಂಟಲಿಲ್ಲ. ಅಷ್ಟರಲ್ಲಿ ಪಟ್ನಿ, ಹ್ಯಾಮರ್‌ಸ್ಮಿತ್, ಬ್ಯಾಟರ್‌ಸೀ ಸೇತುವೆಗಳ ವಿನ್ಯಾಸ ಮಾಡಿಯಾಗಿತ್ತು, ಸರ್ ಪದವಿ ಬಂದಿತ್ತು, ಸಿವಿಲ್ ಎಂಜಿನಿಯರ್‌ಗಳ ಸಂಸ್ಥೆಯ ಅಧ್ಯಕ್ಷತೆಯೂ ಸಿಕ್ಕಿತ್ತು. 1891ರ ಮಾರ್ಚ್ 15ರಂದು ವಿಂಬಲ್ಡನ್‌ನ ಮನೆಯಲ್ಲಿ ಬ್ಯಾಜಲ್‌ಜೆಟ್ ತೀರಿಕೊಂಡ. ಹತ್ತು ವರ್ಷದ ನಂತರ ತಾನೇ ಕಟ್ಟಿದ ವಿಕ್ಟೋರಿಯಾ ದಂಡೆಯ ಗೋಡೆಯಲ್ಲಿ ಆತನ ಸ್ಮಾರಕ ಎದ್ದಿತು. ಆತನ ಚರಂಡಿಗಳು ಇಂದಿಗೂ ಲಂಡನ್ನಿನ ಕೊಳೆ ಹೊರುತ್ತಿವೆ. ಮಳೆಗೆ ಅವು ಉಕ್ಕಿ ನದಿಗೆ ಸೇರುವುದನ್ನು ತಡೆಯಲು ಈಚೆಗೆ 25 ಕಿಲೋಮೀಟರ್ ಉದ್ದದ ಹೊಸ ಸುರಂಗ ಕಟ್ಟಿದ್ದಾರೆ. ಅದರ ಖರ್ಚಿನ ಒಂದು ಭಾಗ ಅಲ್ಲಿನ ಮನೆಗಳ ನೀರಿನ ಬಿಲ್ಲಿನಲ್ಲಿ ಬರುತ್ತದೆ.

ನಮ್ಮ ರಸೀದಿಯಲ್ಲೂ ಇದೆ

ಇಷ್ಟೆಲ್ಲ ನಮಗೇಕೆ ಎಂದು ಕೇಳುವವರು ಮನೆಯ ಆಸ್ತಿ ತೆರಿಗೆ ರಸೀದಿಯನ್ನು ಒಮ್ಮೆ ಬಿಡಿಸಿ ನೋಡಬೇಕು. ಕರ್ನಾಟಕದ ನಗರಗಳಲ್ಲಿ ತೆರಿಗೆಯ ಜೊತೆ ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3, ಆರೋಗ್ಯ ಕರ ಶೇ 15 ಎಂಬ ಸಾಲುಗಳಿರುತ್ತವೆ. ಇವೂ ಹೆಸರು ಬರೆದಿಟ್ಟ ಹಣವೇ. ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ನಗರ ಗ್ರಂಥಾಲಯದಲ್ಲಿ ಬೆಳಿಗ್ಗೆಯೇ ಕುರ್ಚಿ ಹಿಡಿಯುವ ಗೆಳೆಯರು ಕೂತಿರುವುದು ಆ ಶೇ 6ರ ಮೇಲೆ. ಸಿವಿಲ್ ಎಂಜಿನಿಯರ್ ಆಗಲಿರುವವರು ಕಟ್ಟಡದ ವೆಚ್ಚದ ಶೇ 1 ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆ ಹೋಗಬೇಕು ಎಂಬುದನ್ನು ನೆನಪಿಡಬೇಕು. ಪಿಡಿಒ ಪರೀಕ್ಷೆಗೆ ಓದುವವರಿಗೆ 15ನೇ ಹಣಕಾಸು ಆಯೋಗ ಗ್ರಾಮ ಪಂಚಾಯಿತಿ ಅನುದಾನದ ಶೇ 60ನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಕಟ್ಟಿಹಾಕಿದ್ದು ಬಾಯಿಪಾಠ ಇರುತ್ತದೆ. ಕಟ್ಟಿಹಾಕಿದ್ದು ಏಕೆ ಎಂಬುದಕ್ಕೆ ಉತ್ತರ ಲಂಡನ್ನಿನ ಚರಂಡಿಯಲ್ಲಿದೆ.

ಬ್ಯಾಜಲ್‌ಜೆಟ್‌ನಷ್ಟು ಜಾಣ ಎಂಜಿನಿಯರ್‌ಗಳು ನಮ್ಮಲ್ಲೂ ಇದ್ದಾರೆ. ಆತನಿಗೆ ಸಿಕ್ಕಿದ್ದು 40 ವರ್ಷ ನಂಬಬಹುದಾದ ಮೂರು ಪೆನ್ನಿ. ಅದು ಬೇರೆಡೆಗೆ ಹರಿಯದಂತೆ ಕಾಯ್ದದ್ದು ಕಾನೂನು. ಕಾನೂನಿನ ಕಣ್ಣು ತಪ್ಪಿದ ಕಡೆ ಕಾಯಬೇಕಾದವರು ತೆರಿಗೆ ಕಟ್ಟುವವರು. ನಮ್ಮ ಊರಿನ ಪಾಲಿಕೆ ಇಲ್ಲವೇ ಪುರಸಭೆ ವರ್ಷಕ್ಕೆ ಎಷ್ಟು ಗ್ರಂಥಾಲಯ ಕರ ವಸೂಲಿ ಮಾಡಿತು, ಅದರಲ್ಲಿ ಎಷ್ಟನ್ನು ಗ್ರಂಥಾಲಯ ಇಲಾಖೆಗೆ ಕೊಟ್ಟಿತು ಎಂದು ಮಾಹಿತಿ ಹಕ್ಕಿನಲ್ಲಿ ಕೇಳಲು 10 ರೂಪಾಯಿ ಶುಲ್ಕ ಸಾಕು. ಓದಿನ ನಡುವೆ ಅರ್ಧ ಗಂಟೆ ಬಿಡುವು ಮಾಡಿಕೊಂಡರೆ ಆ ಅರ್ಜಿ ಬರೆಯಬಹುದು.